ದೊಡ್ಡ ಟಿಸಿ ಹಾಕಿದರೆ ಮೋಟಾರ್ ಸುಡುತ್ತದೆಯೇ?

ಹಳ್ಳಿಯೊಂದರಲ್ಲಿ 63 ಕೆವಿಎ ಸಾಮರ್ಥ್ಯದ ಟಿಸಿಯನ್ನು, ಅಂದರೆ ಟ್ರಾನ್ಸ್‌ಫಾರ್ಮರನ್ನು, ಇಳಿಸಿ 100 ಕೆವಿಎಯದನ್ನು ಏರಿಸುತ್ತಿದ್ದಾಗ ಹಿರಿಯ ರೈತರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಸ್ವಾಮಿ, ಇಷ್ಟು ದೊಡ್ಡದು ಬಂದರೆ ಕರೆಂಟ್ ಜಾಸ್ತಿ ನುಗ್ಗಿ ನಮ್ಮ ಮೋಟಾರ್ ಸುಟ್ಟುಹೋಗುವುದಿಲ್ಲವೇ?" ಎಂದು ಕೇಳಿದರು. ಬೋರ್‌ವೆಲ್ಲಿನ ಮೋಟಾರ್ ಮೇಲೆತ್ತಿ ರಿವೈಂಡಿಂಗ್ ಮಾಡಿಸುವ ಖರ್ಚು ಬಲ್ಲವರ ಪ್ರಶ್ನೆ ಅದು. ಅದಕ್ಕೆ ಪೂರ್ತಿ ಉತ್ತರ ಕೊಡಬೇಕು.

ಎರಡೂ ಟಿಸಿಗಳ ನೇಮ್‌ಪ್ಲೇಟಿನಲ್ಲಿ ವೋಲ್ಟೇಜ್ ಒಂದೇ: ಎಚ್‌ಟಿ (ಹೆಚ್ಚು ವೋಲ್ಟೇಜಿನ ಲೈನ್ ಸೇರುವ) ಕಡೆ 11,000, ಎಲ್‌ಟಿ (ಮೋಟಾರ್‌ಗಳಿಗೆ ಕಡಿಮೆ ವೋಲ್ಟೇಜ್ ಹೋಗುವ) ಕಡೆ 433. ಬೇರೆಯಾಗುವುದು ಎಲ್‌ಟಿ ಕಡೆಯ ಆಂಪಿಯರ್. ಚಿಕ್ಕದಕ್ಕೆ 84, ದೊಡ್ಡದಕ್ಕೆ 133. ಈ ಅಂಕಿ ಟಿಸಿ ಹೊರಗೆ ದೂಡುವ ಕರೆಂಟ್ ಅಲ್ಲ, ಕಾದು ಕೆಡದೆ ಅದು ತಾಳಬಲ್ಲ ಮಿತಿ. ಎಷ್ಟು ಕರೆಂಟ್ ಬೇಕೆಂಬುದನ್ನು ನಿರ್ಧರಿಸುವುದು ಮೋಟಾರ್.

ರಿಪೇರಿಗೆ ಬಿಚ್ಚಿದ ಟಿಸಿಯನ್ನು ನೋಡಿದವರಿಗೆ ಇದು ಕಣ್ಣಿಗೇ ಕಾಣುತ್ತದೆ. ಕೋರಿಗೆ (ನಡುವಿನ ಉಕ್ಕಿನ ತಗಡುಗಳ ಕಟ್ಟಿಗೆ) ಅಂಟಿಕೊಂಡಂತೆ ಕಾಗದ ಸುತ್ತಿದ ದಪ್ಪ ಪಟ್ಟಿಯ ಎಲ್‌ಟಿ ಸುರುಳಿ, ಅದರ ಹೊರಗೆ ತೆಳುವಾದ ತಂತಿಯ ಎಚ್‌ಟಿ ಸುರುಳಿ ಇರುತ್ತವೆ. ಒಳಗೆ 80 ಸುತ್ತುಗಳಿದ್ದರೆ ಹೊರಗೆ 3,520 ಇರಬೇಕು, ಏಕೆಂದರೆ ಪ್ರತಿ ಫೇಸಿಗೆ 11,000 ವೋಲ್ಟನ್ನು 250ಕ್ಕೆ (ಎರಡು ಫೇಸ್‌ಗಳ ನಡುವೆ ಅಳೆದರೆ ಇದೇ 433) ಇಳಿಸಲು 44ಕ್ಕೆ 1ರ ಅನುಪಾತ ಬೇಕು. ಲೋಡ್ ಇಲ್ಲದಿರುವಾಗ ಎಚ್‌ಟಿ ಸುರುಳಿ ಕೋರನ್ನು ಕಾಂತೀಕರಿಸಲು ಬೇಕಾದ ಅಲ್ಪ ಕರೆಂಟನ್ನಷ್ಟೇ ಎಳೆಯುತ್ತದೆ. ಪಂಪ್‌ಗಳು ಚಾಲೂ ಆಗಿ ಎಲ್‌ಟಿಯಲ್ಲಿ ಫೇಸಿಗೆ 88 ಆಂಪಿಯರ್ ಹರಿದಾಗ ಆ ಕರೆಂಟ್ ಕೋರಿನ ಫ್ಲಕ್ಸನ್ನು (ಕಾಂತ ಹರಿವನ್ನು) ತಗ್ಗಿಸಲು ನೋಡುತ್ತದೆ; ಆದರೆ ಫ್ಲಕ್ಸ್ ಎಷ್ಟಿರಬೇಕೆಂಬುದನ್ನು 11,000 ವೋಲ್ಟ್ ಆಗಲೇ ಗೊತ್ತುಮಾಡಿರುವುದರಿಂದ ಎಚ್‌ಟಿ ಸುರುಳಿ ಲೈನಿನಿಂದ 2 ಆಂಪಿಯರ್ ಹೆಚ್ಚಾಗಿ ಎಳೆದು ಸಮ ಮಾಡುತ್ತದೆ. ವೋಲ್ಟೇಜ್ ಲೈನಿನಿಂದ ಕೆಳಕ್ಕೆ ಬರುತ್ತದೆ, ಕರೆಂಟಿನ ಬೇಡಿಕೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ.

ನಿಜಕ್ಕೂ ಮೋಟಾರ್ ಸುಡುವುದು ಟಿಸಿ ಚಿಕ್ಕದಾದಾಗಲೇ ಹೆಚ್ಚು. 84 ಆಂಪಿಯರಿನ ಸುರುಳಿಯಲ್ಲಿ 100 ಹರಿದರೆ, ಶಾಖ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಸುರುಳಿಯ ಶಾಖ ಸುಮಾರು 1.4 ಪಟ್ಟಾಗುತ್ತದೆ. ಜೊತೆಗೆ ಸುರುಳಿಯಲ್ಲೂ ಉದ್ದನೆಯ ಎಲ್‌ಟಿ ಲೈನಿನಲ್ಲೂ ವೋಲ್ಟೇಜ್ ಕುಸಿದು, ಕೊನೆಯ ಕಂಬದ ಮೋಟಾರ್ ಅಷ್ಟೇ ನೀರೆತ್ತಲು ಇನ್ನೂ ಹೆಚ್ಚು ಕರೆಂಟ್ ಎಳೆಯುತ್ತದೆ. ಆ ಕರೆಂಟಿನಿಂದ ವೋಲ್ಟೇಜ್ ಮತ್ತಷ್ಟು ಕುಸಿಯುತ್ತದೆ.

ಆದರೂ ಆ ಹಿರಿಯರ ಭಯದಲ್ಲಿ ಒಂದಂಶ ಸತ್ಯವಿದೆ, ಅದನ್ನು ಅವರಿಗೂ ಹೇಳಿದೆ. ಇಂಪೆಡೆನ್ಸ್ (ಕರೆಂಟಿಗೆ ಟಿಸಿ ಒಡ್ಡುವ ಒಳತಡೆ) ಶೇ. 4.5 ಇರುವ ಟಿಸಿಯ ಹತ್ತಿರವೇ ತಂತಿಗಳು ಶಾರ್ಟ್ ಆದರೆ ಚಿಕ್ಕದರಿಂದ ಸುಮಾರು 1,870, ದೊಡ್ಡದರಿಂದ 2,960 ಆಂಪಿಯರ್‌ವರೆಗೆ ಹರಿಯಬಹುದು. ಆ ಕ್ಷಣದಲ್ಲಿ ಕಾಯುವುದು ಫ್ಯೂಸ್ ಒಂದೇ. ನಾವು ಮಾತಾಡುತ್ತಿದ್ದ ಕಂಬದ ಫ್ಯೂಸ್ ಹಿಡಿಕೆಯಲ್ಲಿ ಯಾರೋ ಲೈನ್ ತಂತಿಯ ಅಲ್ಯೂಮಿನಿಯಂ ಎಳೆಗಳನ್ನು ಹೊಸೆದು ಕಟ್ಟಿದ್ದರು. ಹೊಸ ಟಿಸಿಗೆ ಕರೆಂಟ್ ಕೊಡುವ ಮೊದಲು ಅವನ್ನು ಬಿಚ್ಚಿಸಿ, ಸರಿಯಾದ ಅಳತೆಯ ಫ್ಯೂಸ್ ತಂತಿ ಹಾಕಿಸಿದೆವು.