ಕತ್ತರಿ ಹಿಡಿದ ಗೆಳತಿ, 95 ವರ್ಷದ ಬೀಗ

2023ರ ಜನವರಿ 1ರಂದು ಅಮೆರಿಕದಲ್ಲಿ ‘ಇಟ್’ ಎಂಬ ಮೂಕಿ ಚಿತ್ರದ ಕಾಪಿರೈಟ್ ಮುಗಿಯಿತು. ಈಗ ಅಲ್ಲಿ ಯಾರು ಬೇಕಾದರೂ ಅದನ್ನು ತೋರಿಸಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಆದರೆ ಚಿತ್ರ ತೆರೆ ಕಂಡಿದ್ದು 1927ರಲ್ಲಿ. ಇಷ್ಟು ತಡ ಯಾಕೆ?

ಮೊದಲು ಚಿತ್ರದ ಬಗ್ಗೆ ಎರಡು ಮಾತು. ಪ್ಯಾರಾಮೌಂಟ್‌ನ ಈ ಪ್ರೇಮಹಾಸ್ಯದಲ್ಲಿ ಕ್ಲಾರಾ ಬೋ ದೊಡ್ಡ ಮಳಿಗೆಯೊಂದರ ಸೇಲ್ಸ್‌ಗರ್ಲ್. ಮಾಲೀಕನ ಮೇಲೆ ಅವಳಿಗೆ ಮನಸ್ಸು. ಆತ ಅವತ್ತು ರಾತ್ರಿ ರಿಟ್ಜ್ ಹೋಟೆಲಿಗೆ ಊಟಕ್ಕೆ ಬರುತ್ತಾನೆ, ಇವಳೂ ಹೇಗೋ ಅಲ್ಲಿಗೆ ಹೋಗಲು ದಾರಿ ಮಾಡಿಕೊಂಡಿದ್ದಾಳೆ. ಹಾಕಿಕೊಳ್ಳಲು ಒಳ್ಳೆ ಬಟ್ಟೆ ಮಾತ್ರ ಇಲ್ಲ. ಜೊತೆಯಲ್ಲಿರುವ ಗೆಳತಿ ಕತ್ತರಿ ತಂದು, ಮೈಮೇಲಿದ್ದ ಡ್ಯೂಟಿ ಬಟ್ಟೆಯನ್ನೇ ಕಚಕಚ ಕತ್ತರಿಸಿ ಪಾರ್ಟಿ ಬಟ್ಟೆ ಮಾಡುತ್ತಾಳೆ! ಮಾತಿಲ್ಲದಿದ್ದರೂ ನಗು ತಡೆಯಲಾಗುವುದಿಲ್ಲ. ‘ಇಟ್ ಗರ್ಲ್’ ಎಂಬ ಹೆಸರು ಕ್ಲಾರಾಗೆ ಅಂಟಿಕೊಂಡಿದ್ದು ಇಲ್ಲಿಂದಲೇ.

ಅದೇ ವರ್ಷ ಅಕ್ಟೋಬರಿನಲ್ಲಿ, ಮಾತು ಕೇಳಿಸುವ ‘ದಿ ಜಾಝ್ ಸಿಂಗರ್’ ಬಂತು. ಟಾಕಿಯ ಹುಚ್ಚು ಹಿಡಿಯಿತು, ಮೂಕಿ ರೀಲುಗಳು ಗೋಡೌನಿನ ಹೊರೆಯಾದವು. ಆ ಕಾಲದ ರೀಲು ನೈಟ್ರೇಟ್ ಫಿಲ್ಮ್ ಬೇರೆ, ಬೇಗ ಬೆಂಕಿ ಹಿಡಿಯುತ್ತದೆ, ಇಟ್ಟಲ್ಲೇ ಕೊಳೆಯುತ್ತದೆ. ಫಿಲ್ಮಿನಲ್ಲಿರುವ ಬೆಳ್ಳಿ ತೆಗೆಯಲೆಂದೇ ಕರಗಿಸಿದ ರೀಲುಗಳೂ ಇವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಹೇಳಿದಂತೆ, ಅಲ್ಲಿ ತಯಾರಾದ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲಿ ಪೂರ್ತಿಯಾಗಿ ಉಳಿದಿದ್ದು 14%. ‘ಇಟ್’ ಕೂಡ ಕಳೆದೇಹೋಯಿತು ಅಂದುಕೊಂಡಿದ್ದರು. 1960ರ ದಶಕದಲ್ಲಿ ಒಂದು ಪ್ರತಿ ಸಿಕ್ಕಿತು, ಅದೂ ಎಲ್ಲಿ? ದೂರದ ಪ್ರಾಗ್‌ನಲ್ಲಿ.

ಗೋಜಲು ಇರುವುದು ಕಾನೂನಿನಲ್ಲಿ. ಚಿತ್ರ ಬಂದಾಗಿನ ಲೆಕ್ಕ ಸುಲಭವಿತ್ತು: 28 ವರ್ಷ, ನವೀಕರಿಸಿದರೆ ಇನ್ನೂ 28. ಅಂದರೆ 1983ಕ್ಕೆ ಕಥೆ ಮುಗಿಯಬೇಕಿತ್ತು. 1976ರ ಕಾನೂನು ಅದನ್ನು 75 ವರ್ಷಕ್ಕೆ ಎಳೆಯಿತು. ಸರಿ, 2002ರವರೆಗೆ ಕಾದರಾಯಿತು ಅನ್ನುವಷ್ಟರಲ್ಲಿ, 1998ರಲ್ಲಿ ಮತ್ತೆ 20 ವರ್ಷ ಸೇರಿಸಿ 95 ಮಾಡಿದರು. ಹಕ್ಕು ಮುಗಿಯುವ ಹೊತ್ತಿಗೆ ಗಡುವು ಮುಂದಕ್ಕೆ. ಆಗಲೂ ದುಡ್ಡು ತರುತ್ತಿದ್ದ ಕೆಲವು ಹಳೆಯ ಚಿತ್ರಗಳಿಗೆ ಇದರಿಂದ ಲಾಭವಾಗಿರಬಹುದು. ಯಾರೂ ಕೇಳದ ನೂರಾರು ಚಿತ್ರಗಳೂ ಅದೇ ಬೀಗದೊಳಗೆ ಸಿಕ್ಕಿಕೊಂಡವು. ಡಬ್ಬದೊಳಗಿನ ರೀಲಿಗೆ ಕಾನೂನು ಗೊತ್ತಿಲ್ಲ, ಅದು ಸುಮ್ನೆ ಕೊಳೆಯುತ್ತಾ ಇರುತ್ತದೆ ಅಲ್ವಾ?

ಹಾಗಂತ ಬೀಗ ತೆಗೆದ ಮಾತ್ರಕ್ಕೆ ಚಿತ್ರ ಉಳಿಯುವುದಿಲ್ಲ. ನಮ್ಮಲ್ಲಿ ಚಿತ್ರದ ಹಕ್ಕಿಗೆ ಈಗ 60 ವರ್ಷ, ಮೊದಲು 50 ಇತ್ತು. ಹಾಗಾಗಿ ಭಾರತದ ಮೂಕಿ ಚಿತ್ರಗಳು ಎಂದೋ ಬಿಡುಗಡೆಯಾದವು. ಆದರೆ ಸುಮಾರು 1,300ರಲ್ಲಿ ಪೂರ್ತಿಯೋ ಅರೆಬರೆಯೋ ಸಿಕ್ಕಿದ್ದು 30ರ ಆಸುಪಾಸು. ಪುಣೆಯ ಫಿಲ್ಮ್ ಆರ್ಕೈವ್ ಶುರುವಾದದ್ದೇ 1964ರಲ್ಲಿ, ಅಷ್ಟರಲ್ಲಿ ಜಾಸ್ತಿ ರೀಲುಗಳು ಹೋಗಿಯಾಗಿತ್ತು.

ಕ್ಲಾರಾಳ ಇನ್ನೊಂದು ಹಾಸ್ಯಚಿತ್ರ ‘ರೆಡ್ ಹೇರ್’, 1928ರದ್ದು. ಅವಳ ಕೆಂಪು ಕೂದಲು ಕಾಣಲಿ ಎಂದು ಅದರಲ್ಲಿ ಸ್ವಲ್ಪ ಭಾಗವನ್ನು ಬಣ್ಣದಲ್ಲಿ ತೆಗೆದಿದ್ದರು. 2024ರಿಂದ ಅದನ್ನೂ ಯಾರು ಬೇಕಾದರೂ ತೋರಿಸಬಹುದು. ತೋರಿಸಲು ಉಳಿದಿರುವುದು ಕೆಲವೇ ತುಣುಕುಗಳು.