ಸ್ಟೀಲ್ ಗಿಟಾರ್‌ಗೆ ಯಾವ ಡಿಲೇ ಪೆಡಲ್?

ಸಾಮಾನ್ಯ ಗಿಟಾರ್‌ನಲ್ಲಿ ಬೆರಳು ಒಂದು ಫ್ರೆಟ್‌ನಿಂದ ಇನ್ನೊಂದಕ್ಕೆ ನೆಗೆಯುತ್ತದೆ. ಸ್ಟೀಲ್ ಗಿಟಾರ್‌ನಲ್ಲಿ ಉಕ್ಕಿನ ಬಾರ್ ತಂತಿಯ ಮೇಲೆ ಜಾರುತ್ತದೆ, ನಡುವಿನ ಶ್ರುತಿಗಳೆಲ್ಲ ಕೇಳಿಸಿದ ಮೇಲೆಯೇ ಮುಂದಿನ ಸ್ವರ ಸಿಗುತ್ತದೆ. ಬ್ರಿಜ್ ಭೂಷಣ್ ಕಾಬ್ರಾ ಅವರು ಗಿಟಾರನ್ನು ಹಿಂದೂಸ್ತಾನಿ ಸಂಗೀತಕ್ಕೆ ಒಗ್ಗಿಸಿದ್ದು ಹೀಗೆ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್‌ನ ಬಲದಿಂದಲೇ. ಅಮೆರಿಕದ ಕಂಟ್ರಿ ಸಂಗೀತದ ಪೆಡಲ್ ಸ್ಟೀಲ್ (ಕಾಲಿನ ಪೆಡಲ್‌ಗಳಿಂದ ತಂತಿಗಳ ಶ್ರುತಿ ಬದಲಿಸುವ ಸ್ಟೀಲ್ ಗಿಟಾರ್) ಅಳುವುದೂ ಹೀಗೆಯೇ. ನುಡಿಸಿದ್ದನ್ನು ತುಸು ತಡವಾಗಿ ಪ್ರತಿಧ್ವನಿಯಂತೆ ಮತ್ತೆ ಕೇಳಿಸುವ ಡಿಲೇ ಪೆಡಲ್‌ಗೆ ಮಾತ್ರ ಈ ಗುಣ ತಲೆನೋವು.

ಯಾಕೆಂದು ಲೆಕ್ಕ ಹಾಕಿ ನೋಡಿ. 440 ಹರ್ಟ್ಸ್‌ನಿಂದ 494ಕ್ಕೆ, ಅಂದರೆ ಒಂದು ಪೂರ್ಣ ಸ್ವರದಷ್ಟು ಮೇಲಕ್ಕೆ ಬಾರ್ ಜಾರಿಸುತ್ತೀರಿ. ಡಿಲೇ 350 ಮಿಲಿಸೆಕೆಂಡ್‌ನಲ್ಲಿದೆ. ನೀವು ಮೇಲೆ ತಲುಪಿ ನಿಂತಾಗ ಪ್ರತಿಧ್ವನಿ ಇನ್ನೂ ಕೆಳಗೇ ಇರುತ್ತದೆ, ಆಮೇಲೆ ತಾನೂ ಜಾರುತ್ತಾ ಬರುತ್ತದೆ. ಅಷ್ಟು ಹೊತ್ತು ಎರಡು ಶ್ರುತಿಗಳು ಒಂದನ್ನೊಂದು ಉಜ್ಜುತ್ತವೆ. ಪ್ರತಿಧ್ವನಿ ಮೂಲದಷ್ಟೇ ಜೋರಾಗಿದ್ದರೆ ಅಪಸ್ವರ. ಮೂಲಕ್ಕಿಂತ 12 ಡೆಸಿಬೆಲ್ ಕೆಳಗಿದ್ದರೆ, ಅಂದರೆ ವೋಲ್ಟೇಜಿನಲ್ಲಿ ಕಾಲು ಭಾಗದಷ್ಟಿದ್ದರೆ, ಅದೇ ಉಜ್ಜಾಟ ಹಿಂದಿನ ಮಂಜಿನಂತೆ ಹಿತವಾಗಿ ಕೇಳುತ್ತದೆ. ಹಾಗಾಗಿ ಪೆಡಲ್ ಆರಿಸುವಾಗ ಮೊದಲು ನೋಡಬೇಕಾದದ್ದು ಹಳೆಯ ಸ್ವರ ಹೊಸ ಸ್ವರದ ದಾರಿಗೆ ಎಷ್ಟು ಅಡ್ಡ ಬರುತ್ತದೆ ಎಂಬುದನ್ನು. ಎಷ್ಟು ಮೋಡ್‌ಗಳಿವೆ, ಅನಲಾಗೋ ಡಿಜಿಟಲ್ಲೋ ಎಂಬ ಚರ್ಚೆ ಆಮೇಲಿನದು.

ಕಂಪನದ ಕಥೆ ಇನ್ನೂ ಸೊಗಸಾಗಿದೆ. ಬಾರನ್ನು ಸೆಕೆಂಡಿಗೆ 5 ಸಲ ಅಲುಗಿಸಿದರೆ ಒಂದು ಸುತ್ತಿಗೆ 200 ಮಿಲಿಸೆಕೆಂಡ್. ಡಿಲೇ 400ರಲ್ಲಿದ್ದರೆ ಸರಿಯಾಗಿ ಎರಡು ಸುತ್ತು. ಮೂಲವೂ ಪ್ರತಿಧ್ವನಿಯೂ ಒಟ್ಟಿಗೆ ಏರಿಳಿಯುತ್ತವೆ. 300ರಲ್ಲಿದ್ದರೆ ಒಂದೂವರೆ ಸುತ್ತು. ಇದು ಏರಿದಾಗ ಅದು ಇಳಿಯುತ್ತದೆ, ಇಬ್ಬರು ಸೇರಿ ನುಡಿಸಿದಂತೆ ಸದ್ದು ದಪ್ಪವಾಗುತ್ತದೆ. ಮನುಷ್ಯನ ಕೈ ಗಡಿಯಾರವಲ್ಲ, ಆದ್ದರಿಂದ ನಿಜವಾಗಿ ಕೇಳುವುದು ಎರಡರ ನಡುವಿನದು. ಇದರ ಮೇಲೆ ಪ್ರತಿಧ್ವನಿಯನ್ನು ತಾನೇ ತೂಗಾಡಿಸುವ ಮಾಡ್ಯುಲೇಶನ್ ಬೇರೆ ಸೇರಿದರೆ ಶ್ರುತಿ ಎಲ್ಲಿದೆಯೆಂದೇ ತಿಳಿಯದು. ಸ್ಟೀಲ್‌ಗೆ ಕೊಳ್ಳುವ ಪೆಡಲ್‌ನಲ್ಲಿ ಮಾಡ್ಯುಲೇಶನ್ ಪೂರ್ತಿ ಆಫ್ ಆಗುವಂತಿರಬೇಕು.

ಅನಲಾಗ್ ಪೆಡಲ್‌ನ ಒಳಗೆ ಇರುವುದು ಬಕೆಟ್ ಬ್ರಿಗೇಡ್ ಚಿಪ್. 1969ರಲ್ಲಿ ಫಿಲಿಪ್ಸ್ ಪ್ರಯೋಗಾಲಯದ ಸ್ಯಾಂಗ್‌ಸ್ಟರ್ ಮತ್ತು ಟೀರ್ ರೂಪಿಸಿದ್ದು. ಬೆಂಕಿ ಬಿದ್ದಾಗ ಸಾಲಾಗಿ ನಿಂತವರು ಬಕೆಟ್ ನೀರನ್ನು ಕೈಯಿಂದ ಕೈಗೆ ದಾಟಿಸುವಂತೆ, ಪುಟ್ಟ ಕೆಪಾಸಿಟರ್‌ಗಳ ಸಾಲು ವಿದ್ಯುದಂಶವನ್ನು ದಾಟಿಸುತ್ತದೆ. ಹೆಚ್ಚು ತಡವಾಗಬೇಕೆಂದರೆ ದಾಟಿಸುವ ವೇಗ ತಗ್ಗಿಸಬೇಕು. 4096 ಹಂತಗಳ ಒಂದೇ ಚಿಪ್‌ನಿಂದ 300 ಮಿಲಿಸೆಕೆಂಡ್ ಪಡೆಯಲು ಕ್ಲಾಕ್, ಅಂದರೆ ದಾಟಿಸುವಿಕೆಗೆ ತಾಳ ಹಾಕುವ ಮಿಡಿತ, ಸುಮಾರು 6,800 ಹರ್ಟ್ಸ್‌ಗೆ ಇಳಿಯುತ್ತದೆ. ಅದರ ಅರ್ಧ, 3,400 ಹರ್ಟ್ಸ್‌ಗಿಂತ ಮೇಲಿನದನ್ನೆಲ್ಲ ಫಿಲ್ಟರ್ ಕತ್ತರಿಸಲೇಬೇಕು. ಜನ ‘ಬೆಚ್ಚಗಿನ ಸದ್ದು’ ಎಂದು ಹೊಗಳುವುದರ ಬಹುಪಾಲು ಈ ಕತ್ತರಿಯ ಕೆಲಸ. ಸ್ಟೀಲ್‌ಗೆ ಇದು ವರವೇ: ಮಸುಕಾದ ಪ್ರತಿಧ್ವನಿ ಹಿಂದೆ ಸರಿದು ನಿಲ್ಲುತ್ತದೆ. ಡಿಜಿಟಲ್ ಪೆಡಲ್‌ಗೆ ಕಾಲಮಿತಿಯ ಕಾಟವಿಲ್ಲ. 1980ರ ದಶಕದ ಮೊದಲರ್ಧದಲ್ಲಿ ಬಂದ ಬಾಸ್ ಕಂಪನಿಯ ಡಿಡಿ-2 ಆಗಲೇ 800 ಮಿಲಿಸೆಕೆಂಡ್ ಕೊಡುತ್ತಿತ್ತು. ಆದರೆ ಅದರ ಪ್ರತಿಧ್ವನಿ ಹೆಚ್ಚುಕಡಿಮೆ ಮೂಲದಷ್ಟೇ ಚೂಪು. ಡಿಜಿಟಲ್ ಕೊಳ್ಳುವುದಾದರೆ ಪ್ರತಿಧ್ವನಿಗಷ್ಟೇ ತಾಗುವ ಟೋನ್ ನಾಬ್ ಇರುವುದನ್ನೇ ನೋಡಿ.

ಪ್ರತಿಧ್ವನಿ ಎಷ್ಟು ಸಲ ಮರುಕಳಿಸಬೇಕೆಂದು ತೀರ್ಮಾನಿಸುವ ಫೀಡ್‌ಬ್ಯಾಕ್ ನಾಬ್‌ನಲ್ಲಿ ಎಡವುವವರೇ ಹೆಚ್ಚು. ಪ್ರತಿ ಸುತ್ತಿಗೂ ಸದ್ದು ಅರ್ಧಕ್ಕಿಳಿದರೆ 6 ಡೆಸಿಬೆಲ್ ಕಡಿತ. 60 ಡೆಸಿಬೆಲ್ ಇಳಿದು ಅಡಗಲು 10 ಸುತ್ತು, 350 ಮಿಲಿಸೆಕೆಂಡ್‌ನಂತೆ ಮೂರೂವರೆ ಸೆಕೆಂಡ್. ನಿಮಿಷಕ್ಕೆ 72 ಬೀಟ್‌ನ ನಿಧಾನ ಹಾಡಿನಲ್ಲಿ ನಾಲ್ಕು ಬೀಟ್‌ಗೆ 3.3 ಸೆಕೆಂಡ್. ಅಷ್ಟರಲ್ಲಿ ಕಾರ್ಡ್ ಬದಲಾಗಿರುತ್ತದೆ. ಪೆಡಲ್ ಸ್ಟೀಲ್‌ನ ಇ9 ಶ್ರುತಿಯಲ್ಲಿ ಎ ಮತ್ತು ಬಿ ಪೆಡಲ್‌ಗಳನ್ನು ಒಟ್ಟಿಗೆ ಒತ್ತಿದರೆ ಇ ಮೇಜರ್ ಹೋಗಿ ಎ ಮೇಜರ್ ಬರುತ್ತದೆ. ಡಿಲೇಯೊಳಗೆ ಉಳಿದ ಜಿ ಶಾರ್ಪ್, ಹೊಸ ಎ ಸ್ವರಕ್ಕೆ ಅರ್ಧ ಸ್ವರದ ಅಂತರದಲ್ಲಿ ಗುದ್ದುತ್ತದೆ. ಸುತ್ತಿಗೆ ಮೂರನೇ ಒಂದರಷ್ಟೇ ಉಳಿಯುವಂತೆ ಇಟ್ಟರೆ ಸುಮಾರು 2.2 ಸೆಕೆಂಡಿನಲ್ಲೆಲ್ಲ ತಣ್ಣಗಾಗುತ್ತದೆ. ಕಿವಿಗೆ ಎರಡು ಮೂರು ಪ್ರತಿಧ್ವನಿ ಸಿಕ್ಕರೆ ಧಾರಾಳ.

ಜೋಡಣೆಯಲ್ಲಿ ವಾಲ್ಯೂಮ್ ಪೆಡಲ್ ಮೊದಲು, ಡಿಲೇ ಆಮೇಲೆ. ಸ್ಟೀಲ್ ನುಡಿಸುವವರು ಸ್ವರ ಕುಗ್ಗುತ್ತಿದ್ದಂತೆ ವಾಲ್ಯೂಮ್ ಪೆಡಲನ್ನು ಮೆಲ್ಲಗೆ ಒತ್ತಿ ಅದನ್ನು ಎಳೆಯುತ್ತಾರೆ. ಕ್ರಮ ತಿರುಗಿಸಿದರೆ ಪ್ರತಿ ಒತ್ತಿಗೂ ಹಳೆಯ ಪ್ರತಿಧ್ವನಿಯೂ ಉಬ್ಬುತ್ತದೆ, ಕಾಲು ಹಿಂದಕ್ಕೆ ತೆಗೆದರೆ ಅದರ ಬಾಲ ತಟ್ಟನೆ ಕತ್ತರಿಸುತ್ತದೆ. ಸದ್ದನ್ನು ಒರಟಾಗಿಸುವ ಓವರ್‌ಡ್ರೈವ್ ಪೆಡಲ್ ಬಳಸುವುದಿದ್ದರೆ ಅದೂ ಡಿಲೇಗಿಂತ ಮುಂಚೆ.

ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಪಿಕಪ್ ಕೂಡ ಗಮನದಲ್ಲಿರಲಿ. ಪೆಡಲ್ ಸ್ಟೀಲ್ ಪಿಕಪ್‌ಗಳ ಸುರುಳಿಯ ರೋಧ ಹಲವು ಸಲ 16ರಿಂದ 20 ಕಿಲೋಓಮ್. ಸಾಮಾನ್ಯ ಸಿಂಗಲ್ ಕಾಯಿಲ್‌ನದು 6ರ ಆಸುಪಾಸು. ಅಂದರೆ ಸಿಗ್ನಲ್ ಜೋರು, ಜೊತೆಗೆ ಹೊರೆ ಬಿದ್ದರೆ ಮೇಲಿನ ನಾದ ಬೇಗ ಸಾಯುತ್ತದೆ. ಇನ್‌ಪುಟ್ ಇಂಪಿಡೆನ್ಸ್ (ಇದು ಹೆಚ್ಚಿದ್ದಷ್ಟೂ ಪಿಕಪ್ ಮೇಲೆ ಹೊರೆ ಕಡಿಮೆ) 1 ಮೆಗಾಓಮ್ ಇರುವ ಪೆಡಲ್ ಒಳ್ಳೆಯದು. ಅಂಗಡಿಯಲ್ಲಿ ಪರೀಕ್ಷಿಸುವಾಗ ವಾಲ್ಯೂಮ್ ಪೂರ್ತಿ ಒತ್ತಿ, ದಪ್ಪ ತಂತಿಗಳನ್ನು ಒಟ್ಟಿಗೆ ಬಲವಾಗಿ ಮೀಟಿ. ಪ್ರತಿಧ್ವನಿ ಮಾತ್ರ ಒಡೆದು ಕೇಳಿದರೆ ಆ ಪೆಡಲ್ ನಿಮ್ಮ ವಾದ್ಯವನ್ನು ತಾಳುವುದಿಲ್ಲ. ಇನ್ನೊಂದು ಪರೀಕ್ಷೆ: ಟೈಮ್ ನಾಬನ್ನು ಕೊನೆಯವರೆಗೆ ತಿರುಗಿಸಿ, ತಂತಿಗಳ ಮೇಲೆ ಅಂಗೈ ಇಟ್ಟು ಸುಮ್ಮನೆ ಆಲಿಸಿ. ಅನಲಾಗ್‌ನ ಕ್ಲಾಕ್ ಸಿಳ್ಳೆ, ಮರಳಿನಂಥ ಸದ್ದು ಇದ್ದರೆ ಅಲ್ಲೇ ಬಯಲಾಗುತ್ತದೆ.

ಆಫ್ ಮಾಡಿದಾಗ ಬಾಲ ಉಳಿಯಬೇಕೇ ಎಂದೂ ಕೇಳಿಕೊಳ್ಳಿ. ಟ್ರೂ ಬೈಪಾಸ್ ಎಂದರೆ ಸ್ವಿಚ್ ಒತ್ತಿದ ಕ್ಷಣ ಪ್ರತಿಧ್ವನಿ ಮಾಯ. ಸ್ಟೀಲ್‌ನ ಉದ್ದನೆಯ ಸ್ವರಕ್ಕೆ ಟ್ರೇಲ್ಸ್ ಇರುವ, ಅಂದರೆ ಆಫ್ ಮಾಡಿದ ಮೇಲೂ ಬಾಲ ತಾನಾಗಿ ಅಡಗಲು ಬಿಡುವ, ಬಫರ್ಡ್ ಬೈಪಾಸೇ ಚೆನ್ನ. ವಿದ್ಯುತ್ತು ಹೆಚ್ಚಿನವಕ್ಕೆ 9 ವೋಲ್ಟ್ ಡಿಸಿ, ನಡುವಿನ ಪಿನ್ ಮೈನಸ್. ಮನೆಯ ರೂಟರ್‌ನ ಅಡಾಪ್ಟರ್ ಪಿನ್ ಅಳತೆಗೆ ಹೊಂದಬಹುದು, ಅದರಲ್ಲಿ ನಡು ಪಿನ್ ಸಾಮಾನ್ಯವಾಗಿ ಪ್ಲಸ್, ಚುಚ್ಚಬೇಡಿ. ಒಂದೇ ಅಡಾಪ್ಟರ್‌ನಿಂದ ಕವಲು ತಂತಿ ಎಳೆದು ಡಿಜಿಟಲ್ ಡಿಲೇಗೂ ಓವರ್‌ಡ್ರೈವ್‌ಗೂ ಕೊಟ್ಟರೆ ಕೀಂ ಎನ್ನುವ ಸದ್ದು ಬರಬಹುದು. ಪ್ರತ್ಯೇಕ ಔಟ್‌ಪುಟ್‌ಗಳಿರುವ ಐಸೋಲೇಟೆಡ್ ಸಪ್ಲೈ ಅದಕ್ಕೆ ಮದ್ದು.

ಕಡಿಮೆ ಬೆಲೆಯ ಅನೇಕ ಪೆಡಲ್‌ಗಳ ಹೊಟ್ಟೆಯಲ್ಲಿರುವುದು ಕರೋಕೆ ಯಂತ್ರಗಳಲ್ಲಿ ಎಕೋ ಕೊಡುವ ಪಿಟಿ2399 ಚಿಪ್. ‘ಅನಲಾಗ್’ ಎಂದು ಮಾರಿದರೂ ಅದು ಒಳಗೆ ಡಿಜಿಟಲ್. 340 ಮಿಲಿಸೆಕೆಂಡ್ ಆಸುಪಾಸಿನವರೆಗೆ ಮರ್ಯಾದೆಯಾಗಿ ಕೆಲಸ ಮಾಡುತ್ತದೆ, ಆಮೇಲೆ ಗೊರಗೊರ. ಟೈಮ್ ನಾಬ್ ಕನಿಷ್ಠದಲ್ಲಿರುವಾಗ ಕರೆಂಟ್ ಕೊಟ್ಟರೆ ಕೆಲವೊಮ್ಮೆ ಈ ಚಿಪ್ ಸಿಕ್ಕಿಹಾಕಿಕೊಂಡು ಪ್ರತಿಧ್ವನಿಯೇ ಬರುವುದಿಲ್ಲ. ಪೆಡಲ್ ಸತ್ತಿತೆಂದು ಹಿಂದಿರುಗಿಸುವ ಮೊದಲು ನಾಬನ್ನು ಅರ್ಧಕ್ಕೆ ತಿರುಗಿಸಿ, ಪ್ಲಗ್ ಕಿತ್ತು ಮತ್ತೆ ಹಾಕಿ ನೋಡಿ. ಪದೇ ಪದೇ ಹೀಗಾದರೆ ಚಿಪ್‌ನ 6ನೇ ಪಿನ್ ಮತ್ತು ಟೈಮ್ ನಾಬ್‌ನ ನಡುವೆ ಸುಮಾರು 2 ಕಿಲೋಓಮ್‌ನ ಒಂದು ರೆಸಿಸ್ಟರ್ ಬೆಸುಗೆ ಹಾಕಿಸಿದರೆ ಸಾಕು.