ಹೊರಗಿನವರು ಹೋದರೆ ನಮ್ಮ ಹುಡುಗರಿಗೆ ಕೆಲಸ ಸಿಗುತ್ತಾ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಬಿಹಾರ, ಉತ್ತರ ಪ್ರದೇಶದವರೇ ಜಾಸ್ತಿ ಕಾಣುತ್ತಾರೆ. ನಮ್ಮ ಹುಡುಗರು ಮನೆಯಲ್ಲಿ ಕೂತಿದ್ದಾರೆ. ಅವರನ್ನು ವಾಪಸ್ ಕಳಿಸಿದರೆ ಇವರಿಗೆ ಕೆಲಸ ಸಿಗುತ್ತೆ ಅಲ್ವಾ?

ಉತ್ತರ: ಇಲ್ಲ. ಎಷ್ಟು ಸಲ ಬರೆದರೂ ಈ ಪ್ರಶ್ನೆ ತಿರುಗಿ ಬರುತ್ತಲೇ ಇದೆ. ಹಾಗಾಗಿ ಈ ಸಲ ಬುಡದಿಂದ ಹೇಳುತ್ತೇನೆ.

ಊರಲ್ಲಿ ಕೆಲಸ ಇಷ್ಟೇ, ಬುಟ್ಟಿಯಲ್ಲಿನ ರೊಟ್ಟಿಯ ಹಾಗೆ ಒಬ್ಬ ತೆಗೆದುಕೊಂಡರೆ ಇನ್ನೊಬ್ಬನಿಗೆ ಕಡಿಮೆ ಅಂತ ಜನ ನಂಬಿದ್ದಾರೆ. ಇದು ತಪ್ಪು. ಫೌಂಡ್ರಿಯಲ್ಲಿ ಮೋಲ್ಡಿಂಗ್, ಅಂದರೆ ಅಚ್ಚು ಮಾಡುವ ಕೆಲಸ, ನಿಂತರೆ ಕಾಸ್ಟಿಂಗ್, ಅಂದರೆ ಎರಕದ ಬಿಡಿಭಾಗ, ಬರುವುದಿಲ್ಲ. ಕಾಸ್ಟಿಂಗ್ ಬರದಿದ್ದರೆ ಪಕ್ಕದ ಮಷಿನ್ ಶಾಪಿನಲ್ಲಿ ಲೇಥ್ ಮುಂದೆ ನಿಂತ ನಮ್ಮ ಹುಡುಗನಿಗೂ ಕೆಲಸ ಇಲ್ಲ. ಕಬ್ಬಿನ ಕಥೆಯೂ ಇದೇ. ಮಹಾರಾಷ್ಟ್ರದ ಬೀಡ್ ಕಡೆಯ ಕೂಲಿಗಳ ಗ್ಯಾಂಗ್ ಬಂದು ಅಥಣಿ, ಮುಧೋಳದ ಹೊಲಗಳಲ್ಲಿ ಕಬ್ಬು ಕಡಿದರೆ ತಾನೇ ಟ್ರ್ಯಾಕ್ಟರ್ ಡ್ರೈವರಿಗೆ, ಕಬ್ಬು ತೂಗುವ ಕಾಟಾದವನಿಗೆ, ಕಾರ್ಖಾನೆಯ ಫಿಟ್ಟರಿಗೆ ದುಡಿಮೆ? ಗ್ಯಾಂಗ್ ತಡವಾದರೆ ರೈತರು ಗ್ಯಾಂಗಿನ ಮುಖ್ಯಸ್ಥ ಮುಕಾದಮನ ಹಿಂದೆ ಹೇಗೆ ಅಲೆಯುತ್ತಾರೆ ಅಂತ ನಿಮಗೇ ಗೊತ್ತಿದೆ.

ಈ ನಂಬಿಕೆಗೆ ದೊಡ್ಡ ಪರೀಕ್ಷೆಯೂ ಆಗಿದೆ. 1980ರಲ್ಲಿ ಕ್ಯೂಬಾದ ಮರಿಯೆಲ್ ಬಂದರಿನಿಂದ ಕೆಲವೇ ತಿಂಗಳಲ್ಲಿ ಸುಮಾರು 1,25,000 ಜನ ಅಮೆರಿಕಕ್ಕೆ ಬಂದರು. ಮಯಾಮಿ ನಗರದಲ್ಲಿ ದುಡಿಯುವ ಕೈಗಳು ಸುಮಾರು ಶೇ 7ರಷ್ಟು ಹೆಚ್ಚಿದವು. ಡೇವಿಡ್ ಕಾರ್ಡ್ ಎಂಬ ಅರ್ಥಶಾಸ್ತ್ರಜ್ಞ ಲೆಕ್ಕ ಹಾಕಿ ನೋಡಿದಾಗ, ಅಲ್ಲಿ ಮೊದಲೇ ಇದ್ದ ಕೂಲಿಯವರ ಸಂಬಳವಾಗಲಿ ಕೆಲಸವಾಗಲಿ ಹೆಚ್ಚೇನೂ ಕೆಟ್ಟಿರಲಿಲ್ಲ. ಹೈಸ್ಕೂಲು ಮುಗಿಸದವರ ಸಂಬಳ ಇಳಿದಿತ್ತು ಅಂತ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್ ಆಮೇಲೆ ವಾದಿಸಿದರು. ಆ ಜಗಳ ಮುಗಿದಿಲ್ಲ. ಆದರೆ ಒಬ್ಬ ಬಂದರೆ ಒಬ್ಬನ ಕೆಲಸ ಹೋಗುತ್ತದೆ ಎಂಬ ಲೆಕ್ಕವನ್ನು ಇಬ್ಬರೂ ಹೇಳಿಲ್ಲ.

ಇನ್ನು ಮನೆಯಲ್ಲಿ ಕೂತವರು ಯಾರು? 2022ರಲ್ಲಿ ಭಾರತದ ಯುವಕರ ಪೈಕಿ ಓದು ಬರಹ ಬಾರದವರಲ್ಲಿ ನಿರುದ್ಯೋಗ ಶೇ 3.4. ಪದವೀಧರರಲ್ಲಿ ಶೇ 29.1. ಡಿಗ್ರಿ ಮುಗಿಸಿ ಪಿಎಸ್ಐ, ಎಫ್‌ಡಿಎ ಪರೀಕ್ಷೆಗೆ ಓದುತ್ತಿರುವ ಹುಡುಗ ಕುಲುಮೆಯ ಮುಂದೆ ನಿಲ್ಲಲು ಕಾಯುತ್ತಿಲ್ಲ. ಅದು ಅವನ ತಪ್ಪೂ ಅಲ್ಲ.

ಒಂದು ಸಿಟ್ಟು ಮಾತ್ರ ನ್ಯಾಯವಾದದ್ದು. ಹೊರಗಿನವನನ್ನು ಶೆಡ್ಡಿನಲ್ಲಿ ಮಲಗಿಸಿ, ಕಡಿಮೆ ಕೊಟ್ಟು ಹನ್ನೆರಡು ತಾಸು ದುಡಿಸಿದರೆ ಸ್ಥಳೀಯನ ಕೂಲಿಯೂ ಏರುವುದಿಲ್ಲ. ಒಂದೇ ಕೆಲಸಕ್ಕೆ ವಲಸೆ ಕಾರ್ಮಿಕನಿಗೆ ಕಡಿಮೆ ಕೊಡಬಾರದು ಅಂತ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಪಾಲಿಸದ ಮಾಲೀಕನನ್ನು ಕೇಳಿ. ಇಂಡಿ, ಸಿಂದಗಿಯಿಂದ ಗೋವಾಕ್ಕೆ ದುಡಿಯಲು ಹೋದ ನಮ್ಮವರನ್ನೂ ಹೀಗೇ ನಡೆಸಿಕೊಳ್ಳುತ್ತಾರೆ. ಅಲ್ಲಿನವರು ನಮ್ಮವರ ಬಗ್ಗೆ ಕೇಳುವುದೂ ನಿಮ್ಮ ಪ್ರಶ್ನೆಯನ್ನೇ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಕೂಲಿಯವರು ಬರುವುದೇ ನಿಂತರೆ? ಅಮೆರಿಕ 1964ರ ಕೊನೆಗೆ ಮೆಕ್ಸಿಕೋದ ಹೊಲಗೂಲಿಗಳನ್ನು ಕರೆಸುವ ಬ್ರಸೆರೋ ಯೋಜನೆ ನಿಲ್ಲಿಸಿತು. ಸ್ಥಳೀಯರ ಕೂಲಿ ಅಂದುಕೊಂಡಂತೆ ಏರಲಿಲ್ಲ. ಕ್ಯಾಲಿಫೋರ್ನಿಯಾದ ಟೊಮೆಟೊ ಹೊಲಕ್ಕೆ ಕೊಯ್ಲಿನ ಯಂತ್ರ ಬಂತು. ನಮ್ಮ ಕಬ್ಬಿಗೂ ಹಾರ್ವೆಸ್ಟರ್ ಬರುತ್ತಿದೆ. ಅದಕ್ಕೆ ನಾಲ್ಕೈದು ಅಡಿ ಅಂತರದ ಸಾಲು ಬೇಕು. ಎರಡು ಎಕರೆಯ ರೈತನಿಗೆ ಅದು ಸುಲಭ ಇಲ್ಲ. ಆದರೆ ಅದನ್ನು ಓಡಿಸುವವನು, ಕೆಟ್ಟರೆ ರಿಪೇರಿ ಮಾಡುವವನು ಬೇಕೇ ಬೇಕು. ನಮ್ಮ ಐಟಿಐ ಹುಡುಗರಿಗೆ ಅದನ್ನು ಈಗಲೇ ಕಲಿಸಬೇಕು.